ಒಂದು ಬೆರಳಗಲದ ರಟ್ಟು

ಯೂನಿವರ್ಸಿಟಿಯ ಮೇಡಂ ನಲವತ್ತು ಫೋಟೋಗಳ ಕಟ್ಟನ್ನು ನಮ್ಮ ಫ್ರೇಮ್ ಅಂಗಡಿಯಲ್ಲಿಟ್ಟು ಮೊದಲು ಹೇಳಿದ್ದೇ ಅಂಚಿನ ಮಾತು. ಫೋಟೋ ಸುತ್ತ ಕೂರಿಸುವ ಬಿಳಿ ರಟ್ಟು ಚಿತ್ರದ ಒಂದು ಕೂದಲೆಳೆಯನ್ನೂ ನುಂಗಬಾರದು. ಯೂನಿವರ್ಸಿಟಿಯಲ್ಲಿ ಓದುತ್ತಿರುವುದು ಮಕ್ಕಳಿಗೆ ತೃಪ್ತಿ ಕೊಟ್ಟಿದೆಯೋ ಇಲ್ಲವೋ ತಿಳಿಯಲು ಹಿಂದೆಲ್ಲ ಫಾರಂ ಹಂಚುತ್ತಿದ್ದರಂತೆ. ಎಲ್ಲರೂ ‘ಚೆನ್ನಾಗಿದೆ’ ಎಂದು ಗುರುತು ಹಾಕಿ ಕ್ಯಾಂಟೀನಿಗೆ ಓಡುತ್ತಿದ್ದರಂತೆ. ಅದಕ್ಕೇ ಈ ಸಲ ಮಕ್ಕಳೇ ತೆಗೆದ ತಲೆಗೊಂದು ಫೋಟೋ, ಜೊತೆಗೆ ಚೀಟಿಯಲ್ಲಿ ನಾಲ್ಕು ಸಾಲು. ಹೆಸರಿಲ್ಲ, ನಂಬರು ಮಾತ್ರ. ಪ್ರದರ್ಶನಕ್ಕೆ ಬಂದವರು ಮೊದಲು ಚಿತ್ರ ನೋಡಿ ಊಹಿಸಬೇಕು, ಆಮೇಲೆ ಚೀಟಿ ಓದಬೇಕು.

ನಮ್ಮ ಅಂಗಡಿಯ ಸುಳಿವು ಕೊಟ್ಟವರು ಯಾರೆಂದು ಕೇಳಿದೆ. ಯಾರೋ ಒಬ್ಬಳು ವಿದ್ಯಾರ್ಥಿನಿ, ಅಲ್ಲಿ ಅಂಚು ಮುಚ್ಚುವುದಿಲ್ಲ ಎಂದಳು, ಎಂದರು.

ಗಾಜು ಕತ್ತರಿಸುವ ಮೀಸೆಯಣ್ಣ ಒಂದೊಂದೇ ಚಿತ್ರ ಹಿಡಿದು ಭವಿಷ್ಯ ಹೇಳತೊಡಗಿದ. ಲೈಬ್ರರಿ ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕನ್ನು ನೋಡಿ, ಹಾಜರಾತಿ ಪೂರ್ತಿ ಇರುವುದು ಇದಕ್ಕೊಂದಕ್ಕೇ ಎಂದ. ನಗುತ್ತ ಮುಂದಿನದನ್ನು ಎತ್ತಿಕೊಂಡೆ. ನಮ್ಮ ಮನೆಯ ಮೇಜು.

ಅಡುಗೆಮನೆಯ ಮೂಲೆಯಲ್ಲಿರುವ ನನ್ನ ಮಗಳ ಓದುವ ಮೇಜು. ಹಳೇ ಬೀರು ಒಡೆದು ನಾನೇ ಮಾಡಿಕೊಟ್ಟದ್ದು. ಅಂಚಿಗೆ ಅಂಗಡಿಯಲ್ಲಿ ಉಳಿದ ಚಿನ್ನದ ಬಣ್ಣದ ಪಟ್ಟಿ ಬಡಿದಿದ್ದೆ. ಒಂದು ಮೂಲೆಗೆ ಸಾಲದೆ ಕಪ್ಪು ಪಟ್ಟಿ. ಅಂಥದ್ದು ಇನ್ನೊಂದಿರಲು ಸಾಧ್ಯವಿಲ್ಲ. ಇಡೀ ಯೂನಿವರ್ಸಿಟಿಯಲ್ಲಿ ಅವಳ ಮನಸ್ಸಿಗೆ ಹಿಡಿಸಿದ್ದು ಅಮ್ಮ ಮಾಡಿದ ಮೇಜೇ ಎಂದು ನಾನು ಒಳಗೊಳಗೇ ಉಬ್ಬಿಹೋದೆ. ಚೀಟಿ ತಿರುಗಿಸಿದೆ.

‘ಮೊದಲ ವರ್ಷ ನನಗೆ ಹಾಸ್ಟೆಲ್ ಸಿಕ್ಕಿತ್ತು. ಆ ಪತ್ರ ಈ ಡ್ರಾಯರಿಗೆ ಹಾಸಿದ ರಟ್ಟಿನ ಕೆಳಗಿತ್ತು. ಪಾಠಗಳು ಚೆನ್ನಾಗಿವೆ. ಸಂಜೆ ಐದರ ಮೇಲೆ ಕ್ಯಾಂಪಸ್ ಹೇಗಿರುತ್ತದೆಂದು ನನಗೆ ಗೊತ್ತಿಲ್ಲ.’

ಚಿತ್ರದ ಕೆಳ ಅಂಚಿನಲ್ಲಿ ಡ್ರಾಯರು ಅರ್ಧ ತೆರೆದಿತ್ತು. ಒಳಗೆ ಲಕೋಟೆಯ ಮೂಲೆ.

ನಾನೇ ಬಚ್ಚಿಟ್ಟದ್ದು, ಆ ಡ್ರಾಯರು ಇನ್ನೂ ಬೀರುವಿನಲ್ಲಿದ್ದಾಗ. ಅದೇ ತಿಂಗಳು ನನ್ನ ಅಮ್ಮನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಹಗಲು ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದಳು. ಅಂಗಡಿ ಮುಚ್ಚುವುದು ಎಂಟಕ್ಕೆ. ಐದರಿಂದ ಎಂಟರವರೆಗೆ ಯಾರು? ಪತ್ರ ಬರಲೇ ಇಲ್ಲ, ಅವರ ಕಣ್ಣಿಗೆ ನಾವೆಲ್ಲಿ ಕಾಣುತ್ತೇವೆ ಎಂದು ಮಗಳೆದುರು ಬೈದೂ ಬಿಟ್ಟಿದ್ದೆ. ಆರು ತಿಂಗಳ ಮೇಲೆ ಬೀರು ಒಡೆದಾಗ ಡ್ರಾಯರನ್ನು ಹಾಗೇ ಮೇಜಿಗೆ ಜೋಡಿಸಿದೆ. ಮರೆತೆ ಎಂದರೆ ಪೂರ್ತಿ ನಿಜವಲ್ಲ. ನೆನೆಯದಿರುವುದು ರೂಢಿಯಾಗಿತ್ತು.

ನಾಚಿಕೆಯಾಗಬೇಕಿತ್ತು. ಆದರೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ನನ್ನೆದುರು ಕೂತು ಉಂಡವಳು, ಜ್ವರ ಬಂದಾಗ ನನ್ನ ಕಾಲೊತ್ತಿದವಳು, ಒಂದು ಮಾತು ಕೇಳಬಾರದಿತ್ತೇ? ಊರಿಗೆಲ್ಲ ಹೇಳಿ, ಅದಕ್ಕೆ ನನ್ನ ಕೈಯಲ್ಲೇ ಗಾಜು ಹಾಕಿಸುವುದೇ?

ಮೀಸೆಯಣ್ಣ ಹೆಗಲ ಮೇಲಿಂದ ಬಗ್ಗಿ ನೋಡಿದ. “ತಂಗೀ, ಆ ಡ್ರಾಯರು ಬಾಯಿ ಬಿಟ್ಕೊಂಡಿದೆ, ಚೆನ್ನಾಗಿ ಕಾಣಲ್ಲ. ಕೆಳಗೆ ಒಂದು ಬೆರಳು ರಟ್ಟು ಮೇಲೆ ತಗೊಂಡ್ರೆ ಮುಚ್ಚೋಗುತ್ತೆ.”

ಅಳತೆಪಟ್ಟಿ ಇಟ್ಟು ಆ ಒಂದು ಬೆರಳಿಗೆ ಗೆರೆಯನ್ನೂ ಎಳೆದೆ. ಬಹಳ ಹೊತ್ತು ಬ್ಲೇಡು ಹಿಡಿದು ನಿಂತೆ. ಆಮೇಲೆ ಗೆರೆ ಅಳಿಸಿ, ಚಿತ್ರ ಎಷ್ಟಿತ್ತೋ ಅಷ್ಟಕ್ಕೇ ಕತ್ತರಿಸಿದೆ.

ಮನೆಗೆ ಬಂದಾಗ ಮಗಳು ಅದೇ ಮೇಜಿನ ಮುಂದೆ ಕೂತಿದ್ದಳು. ಚಪ್ಪಲಿ ಬಿಡುತ್ತಲೇ ಕೇಳಿದೆ.

“ಯಾವಾಗಿಂದ ಗೊತ್ತು?”

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. “ಮೇಜು ಮಾಡಿಕೊಟ್ಟ ವಾರವೇ.”

“ನನ್ನನ್ನೇ ಕೇಳ್ಬಹುದಿತ್ತಲ್ಲ.”

“ಕೇಳಿದ್ರೆ ನೀನು ಅಜ್ಜಿ ಹೆಸರು ಹೇಳ್ತಿದ್ದೆ. ಆಮೇಲೆ ನಾನೇ ಕೆಟ್ಟವಳಾಗ್ತಿದ್ದೆ.” ಒಂದು ಹಾಳೆ ತಿರುಗಿಸಿದಳು. “ಅಜ್ಜಿಗೋಸ್ಕರ ಉಳ್ಕೋ ಅಂದಿದ್ರೆ ಉಳ್ಕೊಳ್ತಿದ್ದೆ ಅಮ್ಮ. ನೀನು ಕೇಳಲೇ ಇಲ್ಲ.”

ನಾನು ಚಪ್ಪಲಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟೆ.

“ಫ್ರೇಮಲ್ಲಿ ಡ್ರಾಯರು ಕಾಣುತ್ತಾ?” ಎಂದಳು.

“ಕಾಣುತ್ತೆ.”

ತಲೆಯಾಡಿಸಿ ಎದ್ದಳು. ಅಜ್ಜಿಯ ಮಗ್ಗುಲು ಬದಲಿಸುವ ಹೊತ್ತು. ನಾನು ಬಂದಮೇಲೆ ಅದು ಇಬ್ಬರ ಕೆಲಸ. “ಅಮ್ಮಾ, ಆ ಕಡೆ ಹಿಡ್ಕೋ” ಎಂದು ದಿನವೂ ಕರೆಯುತ್ತಾಳೆ. ನಾನು ಕೈ ತೊಳೆದು ಬಾಗಿಲ ಬಳಿ ನಿಂತೆ. ಅವಳು ಕರೆಯಲಿಲ್ಲ. ಅಜ್ಜಿಯ ಬೆನ್ನ ಕೆಳಗೆ ಎರಡೂ ಕೈ ತೂರಿಸಿ, ತುಟಿ ಕಚ್ಚಿ, ಒಬ್ಬಳೇ ಹೊರಳಿಸಿದಳು.