ಡಾಕ್ಟರಿಗೆ ಹೇಳಿದ ನೋವು

ಬಾಗಿಲ ಮೇಲಿನ ಕೆಂಪು ಬಲ್ಬು ಮತ್ತೆ ಹೊತ್ತಿತು, ಮುದುಕ ಒಳಗೆ ಹೋದ, ಅವನಾದ ಮೇಲೆ ನಾನು — ಡಿಸ್ಪೆನ್ಸರಿಯ ಬೆಂಚಿನಲ್ಲಿ ಜಾಗವಿದೆ, ಬೈಠ್ ಜಾಯಿಯೇ ಅಂಕಲ್ ಎನ್ನುತ್ತಾಳೆ ಪಕ್ಕದವಳು, ಬೇಡ, ಕೂತರೆ ಶುರುವಾಗುತ್ತದೆ, ಮೊದಲು ನವೆ, ಆಮೇಲೆ ಉರಿ, ಆಫೀಸಿನಲ್ಲಿ ಮಗ್ಗುಲು ಬದಲಿಸಿ ಬದಲಿಸಿ ಕೂತು, ಇಂದುಶೇಖರ್ ಜೀ, ಕುರ್ಸಿ ಮೇಂ ಕಾಂಟೇ ಹೈಂ ಕ್ಯಾ, ಕುರ್ಚಿಯಲ್ಲಿ ಮುಳ್ಳಿದೆಯೇ ಅಂತ, ಎಲ್ಲರೂ ನಕ್ಕರು, ನಾನೂ ನಕ್ಕೆ. ಡಾಕ್ಟರ್ ಸಾಬ್ ಛುಟ್ಟೀ ಪರ್ ಹೈಂ, ರಜೆಯಲ್ಲಿದ್ದಾರೆ ಎಂದು ಕಿಟಕಿಯವನು ಹೇಳಿದಾಗಲೇ ತಿರುಗಿ ಹೋಗಬೇಕಿತ್ತು, ಶುಕ್ರವಾರ ಗಂಡಸು ಡಾಕ್ಟರೇ ಕೂರುತ್ತಾರೆಂದು ವಿಚಾರಿಸಿಕೊಂಡು ರಜೆ ಹಾಕಿ ಬಂದದ್ದು, ಈಗ ಒಳಗಿರುವುದು ಡಾಕ್ಟರ್ ಪಂಕಜಕ್ಕ, ದಾವಣಗೆರೆಯವರು, ಈ ರೋಹಿಣಿ ಬಡಾವಣೆಯ ಕನ್ನಡದವರಿಗೆಲ್ಲ ಮನೆಯವರಂತೆ, ನನ್ನ ಹೆಂಡತಿ ರತ್ನಪ್ರಭಾಳಿಗೆ ಅಕ್ಕನ ಹಾಗೆ, ಯುಗಾದಿಗೆ ನಮ್ಮಲ್ಲೇ ಕೂತು ಹೋಳಿಗೆ ತಿಂದವರು, ಅವರ ಮುಂದೆ ಯಾವ ಪದದಲ್ಲಿ ಹೇಳಲಿ, ಹೇಗೆ ತೋರಿಸಲಿ. ಮಾರ್ಕೆಟಿನ ಔಷಧದಂಗಡಿಯಲ್ಲಿ ಸುಲಭವಿತ್ತು, ಭಯ್ಯಾ, ಖುಜಲೀ ಕಾ ಕುಛ್, ನವೆಗೆ ಏನಾದರೂ, ಎಲ್ಲಿ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ, ಟ್ಯೂಬ್ ಕೊಟ್ಟ, ಸಬ್ ಲೇ ಜಾತೇ ಹೈಂ, ಎಲ್ಲರೂ ಇದನ್ನೇ ಒಯ್ಯುತ್ತಾರಂತೆ, ಮಗಳ ಕಣ್ಣಿಗೆ ಬಿದ್ದೀತೆಂದು ಡಬ್ಬಿಯನ್ನೂ ಒಳಗಿನ ಚೀಟಿಯನ್ನೂ ದಾರಿಯಲ್ಲೇ ಎಸೆದೆ, ಸರ್ಕ್ಯುಲರಿನ ಅಡಿಟಿಪ್ಪಣಿಯನ್ನೂ ಬಿಡದೆ ಓದುವ ನಾನು, ಟ್ಯೂಬನ್ನು ಶೇವಿಂಗ್ ಸಾಮಾನಿನ ತಳದಲ್ಲಿಟ್ಟೆ, ಹಚ್ಚಿದೊಡನೆ ತಣ್ಣಗಾಯಿತು, ಬಿಟ್ಟರೆ ಮತ್ತೆ ಬಂತು, ಮತ್ತೆ ಹಚ್ಚಿದೆ, ಹೋಳಿಯಿಂದ ಮಳೆಗಾಲದವರೆಗೆ, ಕೊಳೆಯಿಂದಲೇ ಇರಬೇಕೆಂದು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದೆ. ಮೊನ್ನೆ ಹೊಸ ಟ್ಯೂಬಿನ ಚೀಟಿಯನ್ನು ಮೆಟ್ರೋದಲ್ಲಿ ನಿಂತುಕೊಂಡೇ ಓದಿದೆ, ಇದರಲ್ಲಿ ಸ್ಟೀರಾಯ್ಡ್ ಇದೆ, ಡಾಕ್ಟರು ಹೇಳದೆ ವಾರಕ್ಕಿಂತ ಹೆಚ್ಚು ಹಚ್ಚಬಾರದು, ಚರ್ಮ ತೆಳುವಾಗುತ್ತದೆ, ಬರಿಯ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೆಳ್ಳಗೆ ಸವರಬೇಕು, ರಕ್ತ ಕಂಡರೆ ನಿಲ್ಲಿಸಿ ಡಾಕ್ಟರಲ್ಲಿಗೆ ಹೋಗಬೇಕು — ರಕ್ತ ಕಂಡದ್ದು ಅದಕ್ಕೂ ಮುಂಚೆ, ಕಕ್ಕಸಿನ ಬಿಳಿ ಪಿಂಗಾಣಿಯ ಮೇಲೆ ಒಂದು ಹನಿ, ನೀರು ಹಾಕಿದರೂ ಕ್ಷಣ ಅಲ್ಲೇ ಅಂಟಿಕೊಂಡಿದ್ದ ಹನಿ, ತೆಳುವಾದ ಚರ್ಮದ್ದೋ, ಇನ್ನೂ ಒಳಗಿನದ್ದೋ, ನಮ್ಮ ಸೆಕ್ಷನ್ನಿನ ಮುರಳೀಧರ ಮೂಲವ್ಯಾಧಿ ಎಂದುಕೊಂಡೇ ವರ್ಷ ಕಳೆದ, ಕೊನೆಗೆ ಕರುಳಿನ ಕ್ಯಾನ್ಸರ್ ಎಂದರು, ನೋಡಿದರೆ ತಾನೇ ತಿಳಿಯುವುದು, ನೋಡಬೇಕಾದವರು ಒಳಗಿದ್ದಾರೆ.

ಬಲ್ಬು ಆರಿತು, ಮುದುಕ ಹೊರಬಂದ, ಕಾಲು ತಾನಾಗಿ ಒಳಗೆ ಹೋಯಿತು, ಬನ್ನಿ ಇಂದುಶೇಖರ್, ರತ್ನಾ ಹೇಗಿದ್ದಾಳೆ, ಕೂತ್ಕೊಳ್ಳಿ, ಇಲ್ಲಕ್ಕ ನಿಂತಿರ್ತೀನಿ, ಏನಾಯ್ತು ಹೇಳಿ, ನಾಲಿಗೆಯ ತುದಿಗೆ ಬಂತು, ಗೋಡೆಯ ಪಕ್ಕ ಪರೀಕ್ಷೆಯ ಮಂಚ, ಅದರ ಹಸಿರು ಪರದೆ, ಮಂಡಿ ನೋವು ಅಕ್ಕ — ಯಾರು ಅಂದದ್ದು, ನಾನೇ. ಅವರು ನಕ್ಕರು, ಅದಕ್ಕೇ ನಿಂತಿರೋದಾ, ಕೂತ್ರೆ ಏಳೋಕಾಗಲ್ಲ ಅಂತ, ಪೆನ್ನು ಓಡಿತು, ನಿಂತಿತು, ಈ ನೋವಿನ ಮಾತ್ರೆ ಎಲ್ಲರಿಗೂ ಆಗಲ್ಲ, ಅಲ್ಸರ್ ಇಲ್ಲ ತಾನೇ, ಮಲದಲ್ಲಿ ರಕ್ತ ಗಿಕ್ತ ಏನಾದ್ರೂ ಹೋಗುತ್ತಾ? ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದಾರೆ, ಎಷ್ಟು ಸಲೀಸಾಗಿ ಕೇಳಿದರು, ಪದವನ್ನೂ ಅವರೇ ಕೊಟ್ಟರು, ಹೂಂ ಅಂದರೆ ಸಾಕು, ಬರೀ ಹೂಂ, ಇಲ್ಲಕ್ಕ, ಅಂಥದ್ದೇನಿಲ್ಲ — ಚೀಟಿ ಕೈಗೆ ಬಂತು, ಊಟ ಆದ್ಮೇಲೆ ತಗೊಳ್ಳಿ, ಬಾಗಿಲು ದಾಟಿದೆ, ತಲೆಯ ಮೇಲೆ ಬಲ್ಬು ಇನ್ನೊಬ್ಬರಿಗೆ ಹೊತ್ತಿತು, ಕೆಂಪು, ಬಿಳಿ ಪಿಂಗಾಣಿಯ ಮೇಲೆ ಒಂದು ಹನಿ, ನೀರು ಹಾಕುತ್ತೇನೆ, ಅಲ್ಲೇ ಇದೆ, ಮತ್ತೆ ಹಾಕುತ್ತೇನೆ, ಒಂದು ಹನಿ