ದೊರೆಯ ದಾರ

"ಹೊದ್ಕೊಂಡು ಗೊರಕೆ ಹೊಡಿಯೋಕೂ ಸಂಬಳ ಬೇಕೇನೋ, ಸೋಮಾರಿ ನನ್ಮಗನೆ? ನಾಳೆ ಉಸಿರಾಡಿದ್ದಕ್ಕೂ ಭತ್ಯೆ ಕೇಳ್ತೀಯ."

ಸಾಹೇಬರು ಇದನ್ನು ನನಗೊಬ್ಬನಿಗೇ ಹೇಳಬಹುದಿತ್ತು. ಸಾಲಿನಲ್ಲಿದ್ದ ಮೂವತ್ತು ಜನಕ್ಕೂ ಕೇಳುವಂತೆ ಹೇಳಿದರು. ಗುಮಾಸ್ತ ನಕ್ಕ, ಆಮೇಲೆ ಸಾಲೂ ನಕ್ಕಿತು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ನನ್ನ ಪಕ್ಕದಲ್ಲಿದ್ದ ದೊರೆಯೂ ನಕ್ಕ.

ದೊರೆ ನನಗೆ ರಕ್ತಸಂಬಂಧಿಯಲ್ಲ. ನಲವತ್ತು ದಾಟಿದ ಗಂಡಸು. ಮಾತು ಬಾರದು, ಬೆಂಕಿಯ ಭಯ ತಿಳಿಯದು. ಇಂಥವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರಿಗೆ ಈ ಕಚೇರಿ ಗಂಟೆಗಿಷ್ಟೆಂದು ಕೂಲಿ ಕೊಡುತ್ತದೆ. ಮೊದಲು ಅವ್ವ ನೋಡಿಕೊಂಡಳು, ಅವಳು ಸತ್ತ ಮೇಲೆ ನಾನು. ಈ ತಿಂಗಳಿಂದ ರಾತ್ರಿಯ ಗಂಟೆಗಳೆಲ್ಲ ಕಡಿತ. ಅದು ಹೋದರೆ ಮನೆ ಬಾಡಿಗೆ ಹುಟ್ಟುವುದಿಲ್ಲ. ಮನೆ ಹೋದರೆ ದೊರೆ ಮತ್ತೆ ದೊಡ್ಡ ಆಶ್ರಮಕ್ಕೆ. ಅಲ್ಲಿ ಅವನನ್ನು ಮಂಚಕ್ಕೆ ಕಟ್ಟುತ್ತಿದ್ದರು. ಕಣಕಾಲಿನ ಕಲೆ ಇನ್ನೂ ಹೋಗಿಲ್ಲ.

"ರಾತ್ರಿ ನಾಲ್ಕು ಸಲ ಎದ್ದು ಹೊರಡ್ತಾನೆ ಸಾರ್. ಗ್ಯಾಸ್ ತಿರುಗಿಸ್ತಾನೆ, ಬಾಗಿಲು ತೆಗೀತಾನೆ. ಅವನ ಕೈಗೂ ನನ್ನ ಕೈಗೂ ದಾರ ಕಟ್ಕೊಂಡು ಮಲಗ್ತೀನಿ. ಅವನು ಎದ್ರೆ ನಾನೂ ಎದ್ದೆ."

"ಕಣ್ಣು ಮುಚ್ಚಿದ್ರೆ ಕೆಲಸ ನಿಂತಂಗೆ. ನಿಯಮ."

"ಎದ್ದಿದ್ದ ಹೊತ್ತಿಗಾದ್ರೂ ಕೊಡಿ."

"ಸಾಕ್ಷಿ ಸಹಿ ಹಾಕಿಸ್ಕೊಂಡು ಬಾ."

"ಮನೇಲಿ ಇರೋದು ನಾನು, ಅವನು."

"ಅವನ ಹತ್ರಾನೇ ಹಾಕಿಸು."

ಗುಮಾಸ್ತ ದೊರೆಯ ಕೈಗೆ ಪೆನ್ನು ಕೊಟ್ಟ. ದೊರೆ ಅದರ ಮುಚ್ಚಳ ಕಿತ್ತು ಬಾಯಿಗೆ ಹಾಕಿಕೊಂಡ. ನಾನು ಬೆರಳು ತೂರಿಸಿ ಹೊರಗೆ ತೆಗೆದೆ.

"ನೋಡು, ಇದು ಕೆಲಸ," ಸಾಹೇಬರು ಕೈಗಡಿಯಾರ ನೋಡಿ ಮೆಚ್ಚಿದರು. "ಅರ್ಧ ನಿಮಿಷ. ಬರ್ಕೊಳ್ರೀ."

ಬಾಗಿಲ ಬಳಿ ಕಚೇರಿಯ ಕಾವಲುಗಾರ ಸ್ಟೂಲಿನ ಮೇಲೆ ಬಾಯಿ ತೆರೆದು ಮಲಗಿದ್ದ. ಅವನ ರಾತ್ರಿಪಾಳಿ ಬೆಳಿಗ್ಗೆಯೇ ಮುಗಿದಿತ್ತು. ಮನೆಗೆ ಹೋಗಲೂ ಎಚ್ಚರವಾಗಿರಲಿಲ್ಲ.

"ಇವನಿಗೆ ರಾತ್ರಿ ಸಂಬಳ ಹೆಂಗೆ ಸಾರ್?"

"ಅವನು ಕಾಯೋದು ಬೀರು ಕಣೋ. ಸರ್ಕಾರದ್ದು."

"ಬೀರು ಎದ್ದು ಓಡಾಡುತ್ತಾ?"

"ತಲೆಹರಟೆ ಮಾಡ್ಬೇಡ. ನಿಂದು ಕೆಲಸಾನೇ ಅಲ್ಲ, ಪ್ರೀತಿ. ಪ್ರೀತಿಗೆ ಯಾವನಾದ್ರೂ ಕೂಲಿ ಕೇಳ್ತಾನೇನೋ, ನಾಚಿಕೆಗೆಟ್ಟವನೆ?"

ಜೇಬಿನಿಂದ ದಾರ ತೆಗೆದೆ. ಗೋಣಿ ಹೊಲಿಯುವ ದಾರ. ನೋಡಿದ್ದೇ ತಡ, ದೊರೆ ತಾನಾಗಿ ಕೈ ಚಾಚಿದ. ಅವನ ಕೈಗೆ ಬಟ್ಟೆ ಸುತ್ತಿ ಒಂದು ತುದಿ ಕಟ್ಟಿದೆ.

"ಕೈ ಕೊಡಿ ಸಾರ್, ಸಾಕ್ಷಿ ತೋರಿಸ್ತೀನಿ."

ಸಾಹೇಬರು ತಮಾಷೆಗೆಂದು ಕೊಟ್ಟರು. ಅವರಿಗೆ ಬಟ್ಟೆ ಸುತ್ತಲಿಲ್ಲ. ಇನ್ನೊಂದು ತುದಿಯನ್ನು ಕೈಗಡಿಯಾರದ ಪಕ್ಕಕ್ಕೇ ಮೂರು ಗಂಟು ಹಾಕಿ ಬಿಗಿದೆ.

"ಈಗ ಕಣ್ಣು ಮುಚ್ಕೊಳ್ಳಿ. ಪ್ರೀತಿ ಮಾಡಿ."

ನಾನು ಬಾಗಿಲ ಕಡೆ ತಿರುಗಿದೆ. ನಾನು ಹೊರಟರೆ ದೊರೆ ನಿಲ್ಲುವವನಲ್ಲ. ದಾರ ಬಿಗಿಯಾಯಿತು, ಕುರ್ಚಿ ಕಿರುಗುಟ್ಟಿತು. ದೊರೆಯದು ಎತ್ತಿನ ಬಲ. ಸಾಹೇಬರು ಮೇಜು ಸುತ್ತಿ, ಒಂದು ಚಪ್ಪಲಿ ಅಲ್ಲೇ ಬಿಟ್ಟು, ಸಾಲನ್ನು ಸೀಳುತ್ತ ಹಿಂದೆಯೇ ಬಂದರು. ಈ ಸಲ ಸಾಲು ಗುಮಾಸ್ತನಿಗಾಗಿ ಕಾಯದೆ ನಕ್ಕಿತು. ಕಾವಲುಗಾರನಿಗೆ ಎಚ್ಚರವಾಗಲಿಲ್ಲ.

"ಲೇ, ಬಿಚ್ಚೋ ಇದನ್ನ. ಎಷ್ಟು ಹೊತ್ತೋ ಹಿಂಗೆ ಇರೋದು?"

ನಾನು ತಿರುಗಿ ನೋಡದೆ ಮೆಟ್ಟಿಲಿಳಿದೆ.