ಈ ಗೇಮು ಸಾರಿನ ಮೀನಲ್ಲ

"ಎರಡನೇ ಭಾಗ ಬಂದ ದಿನವೇ ತಂದ್ಕೊಡ್ತೆ ಮಗಾ. ಒಂದು ದಿನ ತಡ ಆಗೂದಿಲ್ಲ" ಎಂದು ವೆಂಕಟ ಮಗಳು ಸುಷ್ಮಾಳಿಗೆ ಮಾತು ಕೊಟ್ಟದ್ದು ಅವಳು ಆರನೇ ತರಗತಿಯಲ್ಲಿದ್ದಾಗ. ರಜೆಗೆಂದು ಕುಮಟಾದ ಮಾವನ ಮನೆಗೆ ಹೋದವಳು ಅಲ್ಲಿನ ಕಂಪ್ಯೂಟರಿನಲ್ಲಿ ಹಡಗು ನಡೆಸುವ ಗೇಮೊಂದನ್ನು ಆಡಿ ಬಂದಿದ್ದಳು. ವಾರವಿಡೀ ಮನೆಯಲ್ಲಿ ಅದೇ ಮಾತು. ಅದರ ಎರಡನೇ ಭಾಗ ಬರುತ್ತದಂತೆ ಎಂದಳು. ವೆಂಕಟ ಹೊನ್ನಾವರದ ಕಾಸರಕೋಡಿನ ಬೋಟೊಂದರ ತಾಂಡೇಲ. ಚುಕ್ಕಾಣಿ ಅವನ ಕೈಯಲ್ಲಿ, ಬೋಟಿನ ಮೇಲೆ ಅವನು ಹೇಳಿದ್ದೇ ಕೊನೆಯ ಮಾತು. ಮನೆಯಲ್ಲೂ ಹಾಗೇ ಒಂದು ಮಾತು ಆಡಿಬಿಟ್ಟ.

ಗೇಮು ಮಾಡುವವರು ಈ ವರ್ಷ, ಮುಂದಿನ ವರ್ಷ ಎನ್ನುತ್ತ ಆರು ವರ್ಷ ಕಳೆದರು. ವೆಂಕಟನಿಗೆ ಒಳಗೊಳಗೇ ಅದು ಅನುಕೂಲವೇ ಆಗಿತ್ತು. ಈ ನಡುವೆ ಸುಷ್ಮಾ ಎಸ್ಸೆಸ್ಸೆಲ್ಸಿ ಮುಗಿಸಿ ದ್ವಿತೀಯ ಪಿಯುಸಿಗೆ ಬಂದಳು. ಮನೆಗೊಂದು ಹಳೆಯ ಕಂಪ್ಯೂಟರೂ ಬಂತು. ಅವಳು ಅದರಲ್ಲಿ ಗೇಮು ಆಡಿದ್ದಕ್ಕಿಂತ ಮಾಡಿದ್ದೇ ಹೆಚ್ಚು. ಶರಾವತಿಯ ಅಳಿವೆಯಲ್ಲಿ, ನದಿ ಕಡಲಿಗೆ ಸೇರುವಲ್ಲಿ, ಮರಳದಿಣ್ಣೆ ತಪ್ಪಿಸಿ ಬೋಟು ದಾಟಿಸುವ ಸಣ್ಣ ಗೇಮೊಂದನ್ನು ತಾನೇ ಕಟ್ಟುತ್ತಿದ್ದಳು. ತೆರೆ ಯಾವ ಕಡೆಯಿಂದ ಏಳುತ್ತದೆ, ದಿಣ್ಣೆ ಎಲ್ಲಿ ಸರಿಯುತ್ತದೆ ಎಂದು ಅಪ್ಪನನ್ನು ಕೇಳಿ ಕೇಳಿ ಬರೆದುಕೊಂಡಿದ್ದಳು. ಆಗಸ್ಟ್ ಮೊದಲ ವಾರ ಕುಮಟಾದಲ್ಲಿ ಕಾಲೇಜುಗಳ ವಿಜ್ಞಾನ ಪ್ರದರ್ಶನ. ಅಲ್ಲಿ ಅದನ್ನು ಇಡಬೇಕು.

ಜುಲೈ ತಿಂಗಳ ಒಂದು ಸಂಜೆ ಅವಳು ಓಡಿ ಬಂದಳು.

"ಅಪ್ಪಾ, ತಾರೀಕು ಹೇಳಿದ್ರು! ಇನ್ನು ಹತ್ತೇ ದಿನ!"

ವೆಂಕಟ ಮನಸ್ಸಿನಲ್ಲೇ ಕಾಸು ಎಣಿಸಿದ. ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲಿ ಕಟ್ಟಿಕೊಂಡು ನಿಂತಿವೆ, ದುಡಿಮೆಯಿಲ್ಲ.

"ಎಷ್ಟಂತೆ?"

"ನಾಲ್ಕು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ."

"ಪೆಟ್ಟಿಗೆಲಿ ಎಂತೆಂತ ಬತ್ತದೆ?"

"ಪೆಟ್ಟಿಗೆ ಇಲ್ಲಪ್ಪ. ನೆಟ್ಟಲ್ಲೇ ಇಳಿಸ್ಕಣೂದು."

"ಸಿಡಿ ಪ್ಲೇಟಾದ್ರೂ ಇರ್ತದಾ?"

"ಅದೂ ಇಲ್ಲ."

"ಹಂಗಾರೆ ನಾಲ್ಕು ಸಾವಿರ ಕೊಟ್ಟು ಕೈಲಿ ಹಿಡ್ಕಣೂಕೆ ಎಂತದೂ ಇಲ್ಲ?"

ಒಳಗಿನಿಂದ ಹೆಂಡತಿ ನೀಲಾ ನಕ್ಕಳು. "ಗಾಳಿ ಮಾರೂರು ಸಿಕ್ಕಿರು ಅಪ್ಪಂಗೂ ಮಗಳಿಗೂ. ಮಾತು ಕೊಡುವಾಗ ನನ್ನ ಕೇಳಿದ್ರಾ?"

ವೆಂಕಟ ನಗಲಿಲ್ಲ. ಮೀನಿನ ದರ ಅವನಿಗೆ ಅರ್ಥವಾಗುತ್ತದೆ. ಬಲೆಗೆ ಕಡಿಮೆ ಬಿದ್ದರೆ ದರ ಏರುತ್ತದೆ, ರಾಶಿ ಬಿದ್ದರೆ ಇಳಿಯುತ್ತದೆ. ಈ ಗೇಮು ಎಷ್ಟು ಜನ ತೆಗೆದುಕೊಂಡರೂ ಮುಗಿಯುವುದೇ ಇಲ್ಲವಂತೆ. ಮುಗಿಯದ ಮಾಲಿಗೆ ಇಷ್ಟೊಂದು ದರ ಯಾಕೆ? ಯೋಚಿಸಿದಷ್ಟೂ ತಲೆ ಗೋಜಲಾಯಿತು.

ಎರಡು ದಿನ ಬಿಟ್ಟು ಅವನು ಬಲೆ ರಿಪೇರಿಯ ಕೆಲಸಕ್ಕೆ ಭಟ್ಕಳದ ಬಂದರಿಗೆ ಹೋದ. ಮೊಬೈಲಿಗೆ ರೀಚಾರ್ಜ್ ಮಾಡಿಸಲು ಪರಿಚಯದ ಸುಧಾಕರನ ಅಂಗಡಿಗೆ ನುಗ್ಗಿ, ಮಾತಿಗೆ ಮಾತು ಬಂದು ಗೇಮಿನ ಸಂಕಟ ಹೇಳಿಕೊಂಡ.

"ಅಯ್ಯ ವೆಂಕಟಣ್ಣ, ಅದಕ್ಕೆಂತ ಚಿಂತೆ? ಅದು ಆಗ್ಲೇ ಲೀಕ್ ಆಗ್ಯದೆ" ಎಂದ ಸುಧಾಕರ.

"ಲೀಕಾ? ನೀರು ಹೊಕ್ಕ ಮಾಲು ನಂಗೆಂತಕ್ಕೆ?"

ಸುಧಾಕರ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೋಟಿನ ಲೀಕಲ್ಲ ಮಾರಾಯ! ಅಂಗಡಿಗೆ ಬರೂಕೆ ಮುಂಚೆನೇ ಹೊರಗೆ ಬಂದದೆ ಅಂತ. ನೂರೈವತ್ತು ಕೊಡು, ಪೆನ್‌ಡ್ರೈವಿಗೆ ಹಾಕಿ ಕೊಡ್ತೆ."

ವೆಂಕಟನಿಗೆ ಥಟ್ಟನೆ ಬೆಳಕಾದಂತಾಯಿತು. ಬೋಟು ದಕ್ಕೆಗೆ ಬಂದಾಗ ಮೀನು ಹರಾಜಿಗೆ ಹೋಗುವ ಮೊದಲೇ ದುಡಿದ ಪ್ರತಿಯೊಬ್ಬನಿಗೂ ಮನೆಯ ಸಾರಿಗೆಂದು ಒಂದಿಷ್ಟು ಮೀನು ಸಿಗುತ್ತದೆ. ಅದಕ್ಕೆ ದರವಿಲ್ಲ. ಮಾಲಕನೂ ಕೇಳುವುದಿಲ್ಲ, ಕಳ್ಳತನ ಎಂದೂ ಯಾರೂ ಅನ್ನುವುದಿಲ್ಲ.

"ಓಹೋ, ಸಾರಿನ ಮೀನು!" ಎಂದ.

"ಹಂಗೇ ಅಂದ್ಕ" ಎಂದ ಸುಧಾಕರ.

ಬಸ್ಸಿನಲ್ಲಿ ಹೊನ್ನಾವರದವರೆಗೂ ವೆಂಕಟ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡ. ಬಂದ ದಿನ ಕೊಡುತ್ತೇನೆ ಎಂದಿದ್ದ, ಈಗ ಎಂಟು ದಿನ ಮುಂಚೆಯೇ ಕೊಡುತ್ತಿದ್ದಾನೆ. ಇಂಥ ಅಪ್ಪ ಯಾರಿಗುಂಟು?

ಸುಷ್ಮಾ ಪೆನ್‌ಡ್ರೈವ್ ನೋಡಿ ಹಿಗ್ಗಲಿಲ್ಲ.

"ಇದು ಹೆಂಗೆ ಸಿಕ್ತು ಅಪ್ಪಾ? ಇನ್ನೂ ಎಂಟು ದಿನ ಇತ್ತಲ್ಲ?"

"ಸಾರಿನ ಮೀನು ಮಗಾ. ಹರಾಜಿಗೆ ಮುಂಚೆ ಬತ್ತದಲ್ಲ, ಹಂಗೆ."

"ಹೌದ? ಕಂಪನಿಯವ್ರೇ ಕೊಟ್ರಾ?"

"ಅಂಗಡಿಯವ ಕೊಟ್ಟ. ಅವಂಗೆ ಯಾರೋ ಕೊಟ್ಟಿರು. ನೀನು ಹಾಕು."

ಅವಳು ಹಾಕಿದಳು. ಪರದೆಯ ಮೇಲೆ ಏನೋ ಮೂಡಿತು. "ಆ್ಯಂಟಿವೈರಸ್ ಬಂದ್ ಮಾಡು ಅಂತದೆ ಅಪ್ಪಾ."

"ಎಂತ ಅದು?"

"ಕಂಪ್ಯೂಟರಿಗೆ ಕಾವಲು ನಾಯಿ ಇದ್ದಂಗೆ."

"ನಾಯಿ ಹೊಸಬರ ಕಂಡ್ರೆ ಬೊಗಳೂದೇ ಸೈ. ಬಂದ್ ಮಾಡು."

ಸುಷ್ಮಾ ಅಪ್ಪನ ಮುಖ ನೋಡಿದಳು. ಅಳಿವೆಯಲ್ಲಿ ಕಣ್ಣು ಮುಚ್ಚಿಯೂ ದಾರಿ ಹೇಳಬಲ್ಲ ಅಪ್ಪ. ಬಂದ್ ಮಾಡಿದಳು. ಕಪ್ಪು ಕಿಟಕಿಯೊಂದು ಮಿಣಕ್ಕೆಂದು ತೆರೆದು ಮುಚ್ಚಿತು. ಗೇಮು ಬರಲಿಲ್ಲ. ಎಷ್ಟು ಒತ್ತಿದರೂ ಬರಲಿಲ್ಲ.

ಬೆಳಿಗ್ಗೆ ನೋಡಿದರೆ ಕಂಪ್ಯೂಟರಿನಲ್ಲಿದ್ದ ಒಂದು ಫೈಲೂ ತೆರೆಯಲಿಲ್ಲ. ಎಲ್ಲದರ ಹೆಸರಿನ ಬಾಲಕ್ಕೂ ಅರ್ಥವಿಲ್ಲದ ಅಕ್ಷರಗಳು ಅಂಟಿಕೊಂಡಿದ್ದವು. ನಡುವೆ ಇಂಗ್ಲಿಷಿನಲ್ಲಿ ಒಂದು ಚೀಟಿ: ಹಣ ಕೊಟ್ಟರೆ ಬೀಗ ತೆಗೆಯುತ್ತೇವೆ.

"ನನ್ನ ಅಳಿವೆ ಹೋತು" ಎಂದಳು ಸುಷ್ಮಾ. ಅಷ್ಟೇ ಅಂದದ್ದು. ಅವಳು ಅತ್ತು ಕೂಗಾಡಿದ್ದರೆ ವೆಂಕಟನಿಗೆ ಹಗುರಾಗುತ್ತಿತ್ತು.

ಅವನು ಸುಧಾಕರನಿಗೆ ಫೋನು ಮಾಡಿ ಬೈದ. "ನಂಗೆಂತ ಗೊತ್ತು ವೆಂಕಟಣ್ಣ, ನೆಟ್ಟಲ್ಲಿತ್ತು, ಇಳಿಸಿದೆ. ನನ್ನ ಕಂಪ್ಯೂಟರೂ ಹೋಯ್ದು" ಎಂದು ಅವನೇ ಗೋಳಾಡಿದ. ಬೈಯುವುದೋ ಸಮಾಧಾನ ಮಾಡುವುದೋ ತಿಳಿಯದೆ ವೆಂಕಟ ಫೋನಿಟ್ಟ.

ಮಧ್ಯಾಹ್ನ ನೀಲಾ ಪಕ್ಕದ ಕೇರಿಯ ಸುಪ್ರಿಯಾಳನ್ನು ಕರೆತಂದಳು. ಹೊನ್ನಾವರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವವಳು. ಬಂದವಳೇ ಇಂಟರ್ನೆಟ್ಟಿನ ತಂತಿ ಕಿತ್ತಳು, ಚೀಟಿಯ ಫೋಟೋ ತೆಗೆದುಕೊಂಡಳು.

"ದುಡ್ಡು ಮಾತ್ರ ಕಳಿಸ್ಬೇಡಿ. ಕೊಟ್ರೂ ಬೀಗ ತೆಗಿತ್ರು ಅಂತ ಎಂತ ಗ್ಯಾರಂಟಿ? ಸೈಬರ್ ದೂರಿನ ನಂಬರು 1930. ಅದಕ್ಕೆ ಹೇಳ್ವ. ಸುಷ್ಮಾ, ನನ್ನ ಫೋನಲ್ಲಿ ನಿನ್ನ ಮೇಲ್ ಪಾಸ್‌ವರ್ಡ್ ಈಗ್ಲೇ ಬದಲಿಸು. ಬೀಗ ಹಾಕಿದವ ಕೀಲಿಕೈ ಕದ್ದಿರ್ಲಿಕ್ಕೂ ಸಾಕು."

"ಸುಪ್ರಿಯಾ, ನಂಗೊಂದು ತಿಳಿತಿಲ್ಲ" ಎಂದ ವೆಂಕಟ. "ಸಾರಿನ ಮೀನು ತಿಂದ್ರೆ ಹೊಟ್ಟೆ ಕೆಡ್ತದಾ? ಹರಾಜಿಗೆ ಮುಂಚೆ ಬಂದದ್ದು, ಅಷ್ಟೇ ಅಲ್ಲ?"

ಸುಪ್ರಿಯಾಳಿಗೆ ಮೊದಲು ಅರ್ಥವಾಗಲಿಲ್ಲ. ಸುಷ್ಮಾ ಬಿಡಿಸಿ ಹೇಳಿದ ಮೇಲೆ ಅವಳು ಕುರ್ಚಿ ತಿರುಗಿಸಿ ಕೂತಳು.

"ವೆಂಕಟಣ್ಣ, ನಿಮ್ಮ ಬೋಟಲ್ಲಿ ಸಾರಿನ ಮೀನು ಕೊಡೂದು ಯಾರು?"

"ಯಾರು ಅಂದ್ರೆ? ನಾನೇಯ. ತಾಂಡೇಲನ ಕೈಯಿಂದ್ಲೇ ಕೊಡ್ಬೇಕು."

"ನೀವು ಕೊಡ್ದೆ ಒಬ್ಬ ತಾನೇ ತಕಂಡ್ರೆ?"

ವೆಂಕಟ ಪೆನ್‌ಡ್ರೈವಿನ ಕಡೆ ನೋಡಿದ. ನೀಲಾ ಬಾಗಿಲಿಗೆ ಒರಗಿ ನಿಂತವಳು ಬಿಡಲಿಲ್ಲ. "ಹೇಳಿ, ಹೇಳಿ. ನಿಮ್ಮ ಬೋಟಿನ ಈರ ಎರಡು ಇಸ್ವಾಣ ಮೀನು ಬುಟ್ಟಿ ಕೆಳಗೆ ಅಡಗಿಸಿ ಇಟ್ಕಂಡಾಗ ಎಂತ ಮಾಡಿದ್ರಿ?"

"ಬೋಟಿಂದ ಇಳಿಸಿದೆ" ಎಂದ ವೆಂಕಟ ಮೆಲ್ಲಗೆ.

"ಅದೂ ಹರಾಜಿಗೆ ಮುಂಚೆನೇ ಬಂದ ಮೀನಲ್ಲ?" ಎಂದಳು ಸುಪ್ರಿಯಾ. "ಲೀಕ್ ಅಂದ್ರೆ ಅದು. ಗೇಮು ಮುಂಚೆ ನೋಡೂಕೆ ಸಿಕ್ಕಿದವನೋ, ಕಂಪನಿಯ ಕಂಪ್ಯೂಟರಿಗೆ ಕೈ ಹಾಕ್ದವನೋ ಕದ್ದು ಹೊರಗೆ ಬಿಡ್ತಾರೆ. ಮಾಡಿದವ್ರ ಕೈಯಿಂದ ಬಂದದ್ದಲ್ಲ. ಇನ್ನು ಎಷ್ಟೋ ಸಲ ಒಳಗೆ ಗೇಮೇ ಇರೂದಿಲ್ಲ. ಜನ ಕಾಯ್ತಾ ಇರ್ತಾರಲ್ಲ, ಗಾಳಕ್ಕೆ ಸಿಗಡಿ ಕಟ್ಟಿದಂಗೆ ಹೆಸರು ಕಟ್ಟಿ ಬಿಡ್ತಾರೆ. ಕಾವಲು ಬಂದ್ ಮಾಡು ಅಂದಾಗ್ಲೇ ನಿಲ್ಲಿಸ್ಬೇಕಿತ್ತು."

"ಅದು ನಾನೇ ಹೇಳಿದ್ದು" ಎಂದ ವೆಂಕಟ. ಮತ್ತೆ ಕೇಳಿದ. "ಆತು, ತಪ್ಪು ನಂದೇ. ಆದ್ರೆ ಅಷ್ಟು ದರ ಎಂತಕ್ಕೆ? ಮಗಳು ಹೇಳಿದಂಗೆ ಹೊರದೇಶದಲ್ಲಿ ಡಾಲರಿನಲ್ಲಿ ದುಡಿಯೂನಿಗೂ ಇಲ್ಲಿ ಬಲೆ ಹೊಲಿಯೂನಿಗೂ ಹತ್ತಿರ ಹತ್ತಿರ ಒಂದೇ ದರ ಅಂದ್ರೆ ನ್ಯಾಯವಾ?"

"ಅದು ನಂಗೂ ಅರ್ಥ ಆಗಿಲ್ಲ" ಎಂದಳು ಸುಪ್ರಿಯಾ. "ಕೆಲವ್ರು ನಮ್ಮ ದೇಶಕ್ಕೆ ಕಮ್ಮಿ ಇಡ್ತಾರೆ, ಕೆಲವ್ರು ಇಡೂದಿಲ್ಲ. ನೂರಾರು ಜನ ವರ್ಷಗಟ್ಟಲೆ ಕೂತು ಮಾಡಿರ್ತಾರೆ, ಅವ್ರ ಹೊಟ್ಟೆನೂ ತುಂಬ್ಬೇಕು. ದರ ಹೆಚ್ಚಾತು ಅಂತ ನಾನೂ ಬೈತೆ. ಬೈದು, ಕಾಯ್ತೆ. ಒಂದು ಗೊತ್ತುಂಟ? ಇದೂ ಮೀನಿನಂಗೇಯ. ಬೆಳಿಗ್ಗೆಯ ದರ ಸಂಜೆಗಿಲ್ಲ. ನಾಲ್ಕಾರು ತಿಂಗ್ಳಲ್ಲಿ ಹಬ್ಬದ ರಿಯಾಯಿತಿ ಅಂತ ಇಳಿತದೆ. ಆದ್ರೆ ಸಂಜೆ ಮೀನು ಬಾಡ್ತದೆ, ಗೇಮು ಬಾಡೂದಿಲ್ಲ. ಬದಲಿಗೆ ತಪ್ಪು ತಿದ್ದಿ ಇನ್ನೂ ಚೊಕ್ಕ ಆಗಿರ್ತದೆ."

"ಕಾದ್ರೆ ಕಮ್ಮಿಗೂ ಸಿಗ್ತದೆ, ಚಲೋನೂ ಇರ್ತದೆ?"

"ಹೌದು."

"ಹಂಗಾರೆ ಮೊದಲ ದಿನವೇ ನಾಲ್ಕು ಸಾವಿರ ಕೊಡೂರು ಯಾರು?"

"ಮಾತು ಕೊಟ್ಟವ್ರು" ಎಂದಳು ನೀಲಾ.

ಸುಷ್ಮಾಳಿಗೆ ನಗು ಬಂತು. ಬೆಳಿಗ್ಗೆಯಿಂದ ಇದೇ ಮೊದಲ ನಗು. ವೆಂಕಟನಿಗೆ ಮಾತ್ರ ದರದ ಲೆಕ್ಕ ಇನ್ನೂ ತಲೆಗೆ ಹತ್ತಿರಲಿಲ್ಲ. ಕೊಟ್ಟ ಕೈ ಯಾವುದೆಂದು ಕೇಳದೆ ತಾನು ಮಾಲು ಮನೆಯೊಳಗೆ ತಂದೆ ಎಂಬುದು ಹತ್ತಿತ್ತು.

ಸುಷ್ಮಾಳ ಗೇಮಿನ ಒಂದು ಹಳೆಯ ಪ್ರತಿ ಅವಳ ಕಾಲೇಜಿನ ಲ್ಯಾಬಿನಲ್ಲಿತ್ತು, ನಾಲ್ಕು ತಿಂಗಳ ಹಿಂದಿನದು. ಸುಪ್ರಿಯಾ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಸಜ್ಜು ಮಾಡಿಕೊಟ್ಟಳು. ಬೀಗ ಬಿದ್ದದ್ದು ಹೋಯಿತೇ ಹೋಯಿತು. ಸುಷ್ಮಾ ಹಳೆಯದಕ್ಕೆ ಆದಷ್ಟು ತೇಪೆ ಹಾಕಿದಳು. ಈ ಸಲ ಪ್ರತಿದಿನ ಒಂದು ಪ್ರತಿ ಬೇರೆ ಪೆನ್‌ಡ್ರೈವಿನಲ್ಲಿಟ್ಟಳು. ವೆಂಕಟ ಪಕ್ಕದಲ್ಲಿ ಕೂತು ತೆರೆ ಏಳುವ ಕ್ರಮವನ್ನು ಮತ್ತೆ ಮೊದಲಿನಿಂದ ಹೇಳಿದ.

ಗೇಮು ಬಿಡುಗಡೆಯಾಗುವ ಹಿಂದಿನ ದಿನ ಅವನು ಬೋಟಿನ ಮಾಲಕನ ಮನೆಗೆ ಹೊರಟ. ಕೈಗಡ ಕೇಳುವುದು, ಮಗಳಿಗೆ ತಂದುಬಿಡುವುದು. ಸುಷ್ಮಾ ಅಂಗಳದ ಬಾಗಿಲ ದಣಪೆಯಲ್ಲಿ ಅಡ್ಡ ನಿಂತಳು.

"ಬ್ಯಾಡ ಅಪ್ಪಾ. ಸಾಲ ಮಾಡಿ ಹಡಗು ನಡೆಸೂದು ನಂಗೆ ಬ್ಯಾಡ. ಮೊದ್ಲು ಕುಮಟಾದ್ದು ಮುಗೀಲಿ. ದೀಪಾವಳಿಗೆ ಇಳಿತದಂತೆ."

"ಬಂದ ದಿನವೇ ಅಂದಿದ್ದೆ ಮಗಾ."

"ಅಂದಿದ್ರಿ. ನಂಗೆ ನೆನಪದೆ."

ವೆಂಕಟ ಚಪ್ಪಲಿ ಬಿಟ್ಟು ಒಳಗೆ ಬಂದ.

ಕುಮಟಾದಲ್ಲಿ ಸುಷ್ಮಾಳ ಬೋಟು ಅರ್ಧ ಅಳಿವೆಯವರೆಗೆ ಹೋಗಿ ನಿಂತಿತು. ಮುಂದಿನದು ಇನ್ನೂ ಆಗಿಲ್ಲ ಎಂದು ಅವಳು ನೋಡಲು ಬಂದವರಿಗೆಲ್ಲ ಹೇಳಿದಳು. ಬಹುಮಾನ ಬರಲಿಲ್ಲ. ಒಬ್ಬ ಹುಡುಗಿ ಮಾತ್ರ ಮೂರು ಸಲ ಆಡಿ, "ಅಕ್ಕಾ, ಇದನ್ನ ನನ್ನ ಪೆನ್‌ಡ್ರೈವಿಗೆ ಹಾಕಿ ಕೊಡ್ತ್ರಾ?" ಎಂದು ಕೇಳಿದಳು. ಸುಷ್ಮಾ ತನ್ನ ಕೈಯಾರೆ ಹಾಕಿಕೊಟ್ಟಳು. ಗೋಡೆಗೆ ಒರಗಿ ನಿಂತ ವೆಂಕಟ ಅದನ್ನು ನೋಡಿದ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಗೇಮು ಎಂದರೇನೆಂದು ನಿಮಗೆ ಗೊತ್ತಿಲ್ಲದಿರಬಹುದು, ಮಕ್ಕಳಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದನ್ನು ಅವರನ್ನೇ ಕೇಳಿ, ನಾಚಿಕೆಯಿಲ್ಲ. ಬಿಡುಗಡೆಗೆ ಮುಂಚೆ ಬಂತು, ಪುಕ್ಕಟೆ ಬಂತು, ನೂರೈವತ್ತಕ್ಕೆ ಬಂತು ಎಂದು ಯಾರಾದರೂ ಕೊಟ್ಟರೆ, ಮಾಡಿದವರ ಕೈಯಿಂದ ಬಂದದ್ದೋ ಎಂದು ಒಂದು ಮಾತು ಕೇಳಿ. ಕಾವಲು ಬಂದ್ ಮಾಡು ಎಂದರೆ ಅಲ್ಲಿಗೇ ನಿಲ್ಲಿಸಿ. ಮಕ್ಕಳು ಬರೆದದ್ದು, ಮನೆಯ ಫೋಟೋ, ಕಾಗದಪತ್ರ, ಇವುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ದರ ಹೆಚ್ಚೆನಿಸಿದರೆ ಹೆಚ್ಚಾಯಿತು ಎಂದೇ ಹೇಳಿ, ಕಾಯಿರಿ, ಇಳಿದಾಗ ಕೊಳ್ಳಿ. ಆಗುವುದಿಲ್ಲ ಎಂದಾದರೆ ಮಕ್ಕಳಿಗೆ ಆಗುವುದಿಲ್ಲ ಎಂದೇ ಹೇಳಿ. ಅವರು ತಡೆದುಕೊಳ್ಳುತ್ತಾರೆ.

ವೆಂಕಟನ ಮನೆಗೆ ಹಡಗಿನ ಗೇಮು ಬಂದದ್ದು ದೀಪಾವಳಿಯ ಮರುದಿನ, ಅರ್ಧ ದರಕ್ಕೆ. ಬಂದ ದಿನವೇ ತಂದುಕೊಡುತ್ತೇನೆ ಎಂದಿದ್ದ. ತಂದುಕೊಡಲಿಲ್ಲ. ಮಾತು ತಪ್ಪಿತು.